ಹಾಡು ಬರೆದವರೇ ಹಾಡಲು ನಿಂತಾಗ: ಕ್ರಿಸ್ ಸ್ಟೇಪಲ್ಟನ್ ಅವರ ಮೊದಲ ಆಲ್ಬಂ

ನ್ಯಾಶ್‌ವಿಲ್‌ನಲ್ಲಿ (ಅಮೆರಿಕದ ಕಂಟ್ರಿ ಸಂಗೀತದ ಕೇಂದ್ರ ನಗರ) ಇತರ ಗಾಯಕರಿಗಾಗಿ ಹಾಡು ಬರೆದು ಗೆದ್ದವರು ತಮ್ಮ ಮೊದಲ ಆಲ್ಬಂನಲ್ಲಿ ಆ ಜನಪ್ರಿಯ ಹಾಡುಗಳನ್ನೇ ಹಾಡಿದರೆ ಸಾಲದೇ ಎಂದು ತಾವು ಕೇಳಿದ್ದೀರಿ. ಕಾನೂನಿನ ಅಡ್ಡಿಯೇನೂ ಇಲ್ಲ. ಒಮ್ಮೆ ಧ್ವನಿಮುದ್ರಣಗೊಂಡು ಬಿಡುಗಡೆಯಾದ ಹಾಡನ್ನು ನಿಗದಿತ ರಾಯಧನ ತೆತ್ತು ಯಾರು ಬೇಕಾದರೂ ಮತ್ತೆ ಹಾಡಲು ಅಮೆರಿಕದ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ. ಆದರೂ ಸಾಲದು ಎಂದೇ ನನ್ನ ಉತ್ತರ.

ಗೀತರಚನಕಾರ ವಿಲ್ಲಿ ನೆಲ್ಸನ್ 1962ರಲ್ಲಿ ಮಾಡಿದ್ದು ಅದನ್ನೇ. ಹಿಂದಿನ ವರ್ಷ ಪ್ಯಾಟ್ಸಿ ಕ್ಲೈನ್ ಮತ್ತು ಫ್ಯಾರನ್ ಯಂಗ್ ಅವರ ಕಂಠದಲ್ಲಿ ಮನೆಮಾತಾಗಿದ್ದ ತಮ್ಮ ರಚನೆಗಳನ್ನು ಮೊದಲ ಆಲ್ಬಂನಲ್ಲಿ ತಾವೇ ಹಾಡಿದರು. ಆದರೆ ಗಾಯಕರಾಗಿ ಅವರಿಗೆ ದೊಡ್ಡ ಮನ್ನಣೆ ದೊರೆತದ್ದು 1975ರಲ್ಲಿ, ವಾದ್ಯಗಳನ್ನು ತೀರ ಮಿತಗೊಳಿಸಿ ತಮ್ಮ ಇಚ್ಛೆಯಂತೆ ಮುದ್ರಿಸಿದ ಆಲ್ಬಂನಿಂದ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕೆಂಟಕಿಯ ಕ್ರಿಸ್ ಸ್ಟೇಪಲ್ಟನ್ ಅವರದು. 2001ರಲ್ಲಿ ಗೀತರಚನೆಗೆಂದು ನ್ಯಾಶ್‌ವಿಲ್‌ಗೆ ಬಂದ ಅವರು ಸಂಗೀತ ಪ್ರಕಾಶನ ಸಂಸ್ಥೆಯೊಂದರ ಒಪ್ಪಂದದ ಮೇಲೆ ಬರೆಯತೊಡಗಿದರು. ಇತರರೊಡನೆ ಸೇರಿ ಅವರು ಬರೆದ ಹಾಡುಗಳು ಜಾಶ್ ಟರ್ನರ್, ಕೆನ್ನಿ ಚೆಸ್ನಿ, ಲ್ಯೂಕ್ ಬ್ರಯನ್ ಅವರ ಧ್ವನಿಯಲ್ಲಿ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿದವು. ಈ ಕಸುಬಿನಲ್ಲಿ ಬರೆದವರ ಧ್ವನಿ ಹೆಚ್ಚಾಗಿ ಡೆಮೊಗಷ್ಟೇ, ಅಂದರೆ ಹಾಡಿನ ಮಾದರಿ ಮುದ್ರಣಕ್ಕಷ್ಟೇ ಸೀಮಿತ. ಅದನ್ನು ಕೇಳಿದ ಗಾಯಕರು ಹಾಡನ್ನು ಕೊಂಡೊಯ್ಯುತ್ತಾರೆ, ಆ ಧ್ವನಿ ಅಲ್ಲಿಯೇ ಉಳಿಯುತ್ತದೆ. 2013ರಲ್ಲಿ ಸ್ಟೇಪಲ್ಟನ್ ಅವರದೇ ಹೆಸರಿನಲ್ಲಿ ಬಂದ ಹಾಡು ರೇಡಿಯೋದಲ್ಲಿ ಓಡಲಿಲ್ಲ. ಅದೇ ವರ್ಷ ತಂದೆ ತೀರಿಕೊಂಡರು. ಆಮೇಲೆ ಪತ್ನಿ ಮಾರ್ಗೇನ್ ಕೊಡಿಸಿದ ಹಳೆಯ ಜೀಪಿನಲ್ಲಿ ಇಬ್ಬರೂ ಅರಿಜೋನಾದಿಂದ ಟೆನ್ನೆಸಿಯವರೆಗೆ ಬರುವ ದಾರಿಯಲ್ಲಿ 'ಟ್ರಾವೆಲರ್' ಎಂಬ ಹಾಡು ಹುಟ್ಟಿತು. ಆಲ್ಬಂಗೂ ಅದೇ ಹೆಸರಾಯಿತು.

ನಿರ್ಮಾಪಕ ಡೇವ್ ಕಾಬ್ ಅದನ್ನು ಬಹುಮಟ್ಟಿಗೆ ನ್ಯಾಶ್‌ವಿಲ್‌ನ ಹಳೆಯ ಧ್ವನಿಮುದ್ರಣ ಕೇಂದ್ರವಾದ ಆರ್‌ಸಿಎ ಸ್ಟುಡಿಯೋ ಎಯಲ್ಲಿ, ವಾದ್ಯಗಾರರನ್ನು ಒಟ್ಟಿಗೆ ಕೂರಿಸಿ ಮುದ್ರಿಸಿದರು. ಆ ಕಟ್ಟಡ ನೆಲಸಮವಾಗಬೇಕಿದ್ದು, ಅಭಿಮಾನಿಗಳ ಹೋರಾಟದಿಂದ 2014ರಲ್ಲಿ ಉಳಿದುಕೊಂಡಿತ್ತು ಎಂಬುದು ಇಂದಿಗೂ ನನಗೆ ಸಮಾಧಾನದ ಸಂಗತಿ. ಮಾರ್ಗೇನ್ ಅವರ ಜೊತೆದನಿ ಮತ್ತು ಮಿಕಿ ರಾಫೆಲ್ ಅವರ ಹಾರ್ಮೋನಿಕಾ ಎಲ್ಲಿಯೂ ಮುಖ್ಯ ಕಂಠವನ್ನು ಮುಚ್ಚುವುದಿಲ್ಲ. ಇತರರಿಗೆ ಕೊಟ್ಟು ಮೊದಲ ಸ್ಥಾನ ಕಂಡ ಹಾಡುಗಳಲ್ಲಿ ಒಂದನ್ನೂ ಅವರು ಇಲ್ಲಿ ಸೇರಿಸಲಿಲ್ಲ.

2015ರ ಮೇ ತಿಂಗಳಲ್ಲಿ ಆಲ್ಬಂ ಬಿಡುಗಡೆಯಾಯಿತು. ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಮೂರು ಪ್ರಶಸ್ತಿಗಳನ್ನು ಪಡೆದ ಸ್ಟೇಪಲ್ಟನ್, ಅದೇ ವೇದಿಕೆಯಲ್ಲಿ ಜಸ್ಟಿನ್ ಟಿಂಬರ್‌ಲೇಕ್ ಅವರೊಡನೆ ಹಾಡಿದರು. ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಾದ ಬಿಲ್‌ಬೋರ್ಡ್ 200ರಿಂದ ಹೊರಬಿದ್ದಿದ್ದ ಆಲ್ಬಂ ನೇರವಾಗಿ ಮೊದಲ ಸ್ಥಾನದಲ್ಲೇ ಪಟ್ಟಿಗೆ ಮರಳಿತು. ಆ ರಾತ್ರಿ ಜನರನ್ನು ಸೆಳೆದ 'ಟೆನ್ನೆಸಿ ವಿಸ್ಕಿ' ಹಾಡನ್ನು ಬರೆದವರು ಡೀನ್ ಡಿಲನ್ ಮತ್ತು ಲಿಂಡಾ ಹಾರ್ಗ್ರೋವ್; 1983ರಲ್ಲಿ ಜಾರ್ಜ್ ಜೋನ್ಸ್ ಅದನ್ನು ಹಾಡಿ ಪ್ರಸಿದ್ಧಗೊಳಿಸಿದ್ದರು. ಹೆಸರಾಂತ ಗೀತರಚನಕಾರರೊಬ್ಬರ ಮೊದಲ ಆಲ್ಬಂನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ ಹಾಡು ಬೇರೆಯವರದು. ಜನ ಕೇಳಿದ್ದು ಅಲ್ಲಿಯವರೆಗೆ ಹೆಚ್ಚಾಗಿ ಡೆಮೊಗಳಲ್ಲಿ ಅಡಗಿದ್ದ ಆ ಕಂಠವನ್ನು ಎಂದು ನಾನು ನಂಬುತ್ತೇನೆ.