ಕಣ್ಣು ಮುಚ್ಚಿ ಬೈಬಲ್ ತೆರೆಯುತ್ತಿದ್ದ ಹುಡುಗಿ

ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರೂ ಒಪ್ಪಿದ ಮೇಲೆಯೇ ಬರೆದಿದ್ದು.

ಬಾಗಲಕೋಟೆ ಕಡೆಯ ಹುಡುಗಿ, ರೂತ್ ಅನ್ನೋಣ. ನರ್ಸಿಂಗ್ ಮುಗಿಸಿದ್ದಳು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಹೋಗಲೋ ಬೇಡವೋ ಅಂತ ದೇವರನ್ನೇ ಕೇಳಿದಳು. ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆಯುವುದು, ಬೆರಳು ಬಿದ್ದ ವಚನವೇ ಉತ್ತರ. ಮೊದಲು ಆದಿಕಾಂಡ 12 ಬಂತು, ಅಬ್ರಾಮನಿಗೆ ಊರು ಬಿಟ್ಟು ಹೊರಡು ಅಂದ ಮಾತು. ಖುಷಿಯಾಯಿತು. ಖಾತ್ರಿ ಮಾಡಿಕೊಳ್ಳೋಣ ಅಂತ ಮತ್ತೆ ತೆರೆದರೆ ಯೆರೆಮೀಯ 42, ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋಗಬೇಡಿ ಅನ್ನೋ ಮಾತು. ಅಲ್ಲಿಂದ ಶುರುವಾಯಿತು.

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬರುವಷ್ಟರಲ್ಲಿ ರಾತ್ರಿ ಎದ್ದೆದ್ದು ತೆರೆಯುತ್ತಿದ್ದಳು. "ಒಳ್ಳೆ ವಚನ ಬರೂತನಕಾ ಬಿಡೂದಿಲ್ರಿ ಮೇಡಂ," ಅಂದರು ತಾಯಿ. "ನನ್ನ ಎಬ್ಬಿಸಿ, ಯವ್ವಾ, ಇದು ದೇವರು ಹೇಳಿದ್ದೋ ಸೈತಾನ ಹೇಳಿದ್ದೋ ಅಂತಾಳ. ದೇವರೇ ಅಂದ್ರ ಐದು ನಿಮಿಷ ಸುಮ್ನಿರ್ತಾಳ, ಮತ್ತ ಕೇಳ್ತಾಳ." ಕೆಲಸಕ್ಕೆ ಸೇರುವ ತಾರೀಖೂ ದಾಟಿಹೋಗಿತ್ತು.

ಅವಳ ಬೈಬಲ್ ಇಸಕೊಂಡು ನೋಡಿದೆ. ಬೆನ್ನು ಬಿಟ್ಟಿತ್ತು. ಮೇಜಿನ ಮೇಲೆ ನಿಲ್ಲಿಸಿ ಕೈ ತೆಗೆದರೆ ಸಾಕು, ಪ್ರತಿ ಸಲ ಯೆರೆಮೀಯನ ಹತ್ತಿರವೇ ತೆರೆದುಕೊಳ್ಳುತ್ತಿತ್ತು. ಯೆರೂಸಲೇಮು ಬಾಬೆಲಿನವರ ಕೈಗೆ ಬಿದ್ದ ಕಾಲದ ಪುಸ್ತಕ ಅದು, ದಂಡನೆಯ ಮಾತೇ ಜಾಸ್ತಿ. ದಿನಾ ಅದೇ ಕಣ್ಣಿಗೆ ಬಿದ್ದರೆ ಯಾರಿಗೆ ಹೆದರಿಕೆ ಆಗಲ್ಲ ಹೇಳಿ? ಅವಳ ಕೈಯಲ್ಲೇ ಮಾಡಿಸಿ ತೋರಿಸಿದೆ.

ಆಮೇಲೆ ಆ 42ನೇ ಅಧ್ಯಾಯವನ್ನು ಮೊದಲಿನಿಂದ ಓದಿಸಿದೆ. ಊರು ಹಾಳಾದ ಮೇಲೆ ಅಳಿದುಳಿದ ಜನ ಐಗುಪ್ತಕ್ಕೆ ಓಡಿಹೋಗಬೇಕು ಅಂತಿದ್ದಾರೆ, ನಮಗಾಗಿ ದೇವರನ್ನು ಕೇಳು ಅಂತ ಪ್ರವಾದಿ ಯೆರೆಮೀಯನ ಹತ್ತಿರ ಬರುತ್ತಾರೆ. ಉತ್ತರ ಬಂದಿದ್ದು 10 ದಿನ ಕಳೆದ ಮೇಲೆ. ರೂತ್ ಅಲ್ಲೇ ನಿಂತಳು. "ಯೆರೆಮೀಯನೂ ಕಾಯಬೇಕಾತೇನ್ರಿ?" ಅಂದಳು. ಹೌದಲ್ವಾ, ಪ್ರವಾದಿಯೇ ಕಾದ!

ನಾನೂ ಚರ್ಚಿನ ಸಭೆಗೆ ಹೋಗುವವಳು. ಪವಿತ್ರಾತ್ಮನ ಸಹಾಯ ಇಲ್ಲದೆ ವಾಕ್ಯ ಅರ್ಥ ಆಗುವುದಿಲ್ಲ ಅಂತ ನಂಬುವವಳು. ಆದರೆ ಅರ್ಥ ಮಾಡಿಸು ಅಂತ ಬೇಡುವುದು ಬೇರೆ, ಚೀಟಿ ಎತ್ತಿದ ಹಾಗೆ ಹೌದು-ಇಲ್ಲ ಕೇಳುವುದು ಬೇರೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ರಾಣಿಯ ಅಧಿಕಾರಿಯೊಬ್ಬ, ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದಾನೆ, ಅರ್ಥ ಆಗುತ್ತಿಲ್ಲ. ಪವಿತ್ರಾತ್ಮನು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ಕಳಿಸಿದ, ಪಕ್ಕದಲ್ಲಿ ಕೂತು ಬಿಡಿಸಿ ಹೇಳುವುದಕ್ಕೆ.

ಹಾಗಾಗಿ ಹೇಳಿದ್ದು ಇಷ್ಟು. ಎಲ್ಲೆಂದರಲ್ಲಿ ತೆರೆಯುವುದು ಸದ್ಯಕ್ಕೆ ಬೇಡ. ಮಾರ್ಕನ ಸುವಾರ್ತೆ ಹಿಡಿ, 16 ಅಧ್ಯಾಯ, ಮೊದಲಿನಿಂದ, ಪಾಸ್ಟರ್ ಅವರ ಮನೆಯಮ್ಮನ ಜೊತೆ ಕೂತು ಓದು. ಮುಂಚೆ 119ನೇ ಕೀರ್ತನೆಯ 18ನೇ ವಚನ ಹೇಳಿಕೋ, ನನ್ನ ಕಣ್ಣು ತೆರೆ ಅನ್ನುವ ಪ್ರಾರ್ಥನೆ ಅದು. ಇನ್ನೊಮ್ಮೆ ತೆರೆದು ನೋಡಬೇಕು ಅಂತ ಜೀವ ಚಡಪಡಿಸಿದರೂ ತೆರೆಯಬೇಡ, ಆ ಹೆದರಿಕೆ ತಾನಾಗಿಯೇ ಇಳಿಯುತ್ತದೆ. ತಾಯಿಗೂ ಹೇಳಿದೆ, "ದೇವರೇ ಹೇಳಿದ್ದು" ಅಂತ ಸಮಾಧಾನ ಮಾಡಬೇಡಿ, ಅದರಿಂದ ಗೀಳು ಇನ್ನೂ ಬೆಳೆಯುತ್ತೆ. ಕೆಲಸದ ವಿಷಯಕ್ಕೆ ಸಂಬಳ, ಹಾಸ್ಟೆಲ್, ಅವ್ವನ ಆರೋಗ್ಯ ಎಲ್ಲ ಹಾಳೆಯಲ್ಲಿ ಬರೆದು ಮನೆಯವರ ಜೊತೆ ಮಾತಾಡು. ಜ್ಞಾನ ಕಡಿಮೆ ಇದ್ದವರು ದೇವರನ್ನು ಕೇಳಲಿ ಅಂತ ಯಾಕೋಬ 1:5ರಲ್ಲಿ ಇದೆ. ಕೊಟ್ಟ ಬುದ್ಧಿ ಬಳಸಿದರೆ ನಂಬಿಕೆ ಕಮ್ಮಿ ಅಂತ ಅಲ್ಲ.

ಮುಖ್ಯವಾಗಿ, ಇದರಲ್ಲಿ ಗೀಳು ಕಾಯಿಲೆಯ (ಒಂದೇ ಹೆದರಿಕೆ, ಒಂದೇ ಕೆಲಸ ಬೇಡವೆಂದರೂ ಮತ್ತೆ ಮತ್ತೆ ಕಾಡುವ ಒಸಿಡಿ) ಲಕ್ಷಣ ಕಂಡಿದ್ದರಿಂದ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದೆ. ಡಾಕ್ಟರೂ ಅದೇ ಅಂದರು. ಮಾತ್ರೆ ಅಂದ ಕೂಡಲೇ ಹುಡುಗಿ ಅತ್ತಳು, ನಂಬಿಕೆ ಇಲ್ಲದವಳು ಅಂತಾರೆ ಅಂತ. ಬೈಬಲಿನಲ್ಲೇ ಅಪೊಸ್ತಲ ಪೌಲನು ತನ್ನ ಜೊತೆಗಾರ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದಿದ್ದನ್ನು ತೆಗೆದು ತೋರಿಸಿದೆ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಡುವೆ ಬಿಡಬೇಡ ಅಂದೆ.

ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ಒಮ್ಮೊಮ್ಮೆ ಕೈ ತುಡಿಯುತ್ತದೆ, ಚಿಕಿತ್ಸೆ ಮುಂದುವರಿದಿದೆ. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.