ಹಂಪಿಗೆ ಮೂರು ದಿನ: ಹೊಳೆಯ ಯಾವ ದಡದಲ್ಲಿ ರೂಮು ಮಾಡಬೇಕು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಹಂಪಿಗೆ ಹೋಗಬೇಕೆಂದಿದ್ದೇವೆ. ನಾವಿಬ್ಬರು, 13 ಮತ್ತು 8 ವರ್ಷದ ಮಕ್ಕಳು, ಮಂಡಿನೋವಿರುವ 68 ವರ್ಷದ ಅತ್ತೆ. ಬೆಂಗಳೂರಿನಿಂದ ಗುರುವಾರ ರಾತ್ರಿ ರೈಲು. ಆನೆಗೊಂದಿ ಕಡೆ ಗದ್ದೆ ಪಕ್ಕದ ಕಾಟೇಜೊಂದರ ಫೋಟೊ ನೋಡಿ ಮಕ್ಕಳು ಅಲ್ಲೇ ಇರೋಣ ಎನ್ನುತ್ತಿದ್ದಾರೆ. ಹೊಸಪೇಟೆಯಲ್ಲಿ ಲಾಡ್ಜ್ ಮಾಡಿ ಎಂದು ಸ್ನೇಹಿತರ ಸಲಹೆ. ಯಾವುದು ಸರಿ?

ಉತ್ತರ: ಈ ಸಲ ಎರಡೂ ಬೇಡ, ಕಮಲಾಪುರದಲ್ಲಿ ಉಳಿದುಕೊಳ್ಳಿ.

ಹಂಪಿಯಲ್ಲಿ ರೂಮು ಹುಡುಕುವಾಗ ದರಕ್ಕಿಂತ ಮೊದಲು ನೋಡಬೇಕಾದದ್ದು ತುಂಗಭದ್ರೆಯನ್ನು. ವಿರೂಪಾಕ್ಷ, ವಿಜಯ ವಿಠ್ಠಲ, ಕಮಲ ಮಹಲ್, ಮಹಾನವಮಿ ದಿಬ್ಬ ಎಲ್ಲವೂ ದಕ್ಷಿಣ ದಡದಲ್ಲಿವೆ. ಆನೆಗೊಂದಿ, ಅಂಜನಾದ್ರಿ, ಸಾಣಾಪುರ ಉತ್ತರ ದಡದಲ್ಲಿವೆ, ಕೊಪ್ಪಳ ಜಿಲ್ಲೆಗೆ ಸೇರಿವೆ. ಮ್ಯಾಪಿನಲ್ಲಿ ಎದುರುಬದುರು ಕಂಡರೂ ಕಾರಿನಲ್ಲಿ ಬುಕ್ಕಸಾಗರದ ಸೇತುವೆ ಸುತ್ತಿ ಬರಬೇಕು. ಹಂಪಿಯಿಂದ ಆನೆಗೊಂದಿಗೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿರಿ. ದೋಣಿ ಇದೆ, ಆದರೆ ಅದಕ್ಕೆ ಮೆಟ್ಟಿಲಿಳಿದು ಬಂಡೆಯ ಮೇಲಿಂದ ಹತ್ತಬೇಕು, ಕತ್ತಲಾದ ಮೇಲೆ ಓಡುವುದೂ ಇಲ್ಲ. ಮಂಡಿನೋವಿರುವವರನ್ನು ದಿನಕ್ಕೆರಡು ಸಲ ಹೀಗೆ ದಾಟಿಸಲು ಆಗುವುದಿಲ್ಲ. ಗದ್ದೆ ಪಕ್ಕದ ಕಾಟೇಜು ಚೆನ್ನಾಗಿಯೇ ಇರಬಹುದು, ಅದು ಸ್ನೇಹಿತರ ಗುಂಪಿಗೆ ಅಥವಾ ಹಂಪಿಯನ್ನು ಎರಡನೇ ಸಲ ನೋಡುವವರಿಗೆ.

ಇನ್ನೊಂದು ಮಾತು. ಅಂತರ್ಜಾಲದ ಹಳೆಯ ಬರಹಗಳು ಇನ್ನೂ 'ಹಿಪ್ಪಿ ಐಲ್ಯಾಂಡ್' ಎಂದು ಹೊಗಳುವ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ಕೆಡವಲಾಗಿದೆ. ಆ ದಡದ ಯಾವುದೇ ಜಾಗದ ಬಗ್ಗೆ ಕಳೆದ ಆರು ತಿಂಗಳ ರಿವ್ಯೂ ಇಲ್ಲದಿದ್ದರೆ ಬುಕ್ ಮಾಡಬೇಡಿ.

ಹೊಸಪೇಟೆಯ ಅನುಕೂಲ ರೈಲು ನಿಲ್ದಾಣ, ಲಿಫ್ಟ್ ಇರುವ ಹೋಟೆಲ್, ಆಸ್ಪತ್ರೆ, ರಾತ್ರಿ ಹತ್ತಕ್ಕೂ ಸಿಗುವ ಊಟ. ತೊಂದರೆ ಒಂದೇ: ಹಂಪಿ 13 ಕಿ.ಮೀ. ದೂರ. ಮಧ್ಯಾಹ್ನ ರೂಮಿಗೆ ಬಂದು ಮಲಗಿ, ಸಂಜೆ ಮತ್ತೆ ಹೋಗುವುದು ಈ ದೂರದಿಂದ ಕೈಗೂಡುವುದಿಲ್ಲ. ಹಂಪಿ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೆಳಿಗ್ಗೆ ಹೊರಟವರು ಸಂಜೆವರೆಗೆ ಬಿಸಿಲಲ್ಲಿ ಸುತ್ತಿ, ಎರಡನೇ ದಿನ ಕಲ್ಲು ಕಂಡರೆ ಬೇಸರ ಎನ್ನುವ ಸ್ಥಿತಿಗೆ ಬರುತ್ತಾರೆ. ಹಂಪಿ ಊರೊಳಗೆ, ಜನತಾ ಪ್ಲಾಟ್‌ನಲ್ಲಿ, ಸಣ್ಣ ಗೆಸ್ಟ್‌ಹೌಸ್‌ಗಳಿವೆ. ವಿರೂಪಾಕ್ಷ ಗುಡಿ ಕೂಗಳತೆಯಲ್ಲೇ ಇರುತ್ತದೆ. ಆದರೆ ಕಡಿದಾದ ಮೆಟ್ಟಿಲು, ಇಕ್ಕಟ್ಟು ಬಚ್ಚಲು. ಅತ್ತೆಯವರಿಗೆ ಆಗದು. ಕಮಲಾಪುರ ಹಂಪಿಗೆ ನಾಲ್ಕು ಕಿ.ಮೀ., ಅರಮನೆ ಆವರಣಕ್ಕೆ ಇನ್ನೂ ಹತ್ತಿರ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದೂ ಇಲ್ಲೇ. ಹತ್ತು ನಿಮಿಷದಲ್ಲಿ ರೂಮು ಸೇರಿ, ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಎಲ್ಲರೂ ಕಾಲು ಚಾಚಬಹುದು.

ಫೋನ್ ಮಾಡಿದಾಗ 'ರೂಮ್ ಇದೆಯಾ' ಎಂದು ಕೇಳಿ ಮುಗಿಸಬೇಡಿ. ನೆಲಮಹಡಿಯ ರೂಮೇ? ಕಮೋಡ್ ಇದೆಯೇ? ಬಿಸಿನೀರು ಗೀಸರ್‌ನದೋ ಸೋಲಾರ್‌ನದೋ? ಸೋಲಾರ್ ಆದರೆ ಡಿಸೆಂಬರ್‌ನ ಬೆಳಗಿನ ಆರಕ್ಕೆ ನಂಬುವಂತಿಲ್ಲ. ಹೆಚ್ಚುವರಿ ಹಾಸಿಗೆಗೆ ಎಷ್ಟು? ಹೇಳಿದ ದರದಲ್ಲಿ ಜಿಎಸ್‌ಟಿ, ತಿಂಡಿ ಸೇರಿವೆಯೇ? ಉತ್ತರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಎಷ್ಟು ರಾತ್ರಿಗೆ ಬುಕ್ ಮಾಡುವುದು ಎಂಬ ಲೆಕ್ಕ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಏಳರ ಆಸುಪಾಸಿಗೆ ಹೊಸಪೇಟೆ ಸೇರುತ್ತದೆ. ಹೆಚ್ಚಿನ ಹೋಟೆಲ್‌ಗಳಲ್ಲಿ ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಈ ಐದು ಗಂಟೆ ಲಗೇಜು, ಮಕ್ಕಳು, ಹಿರಿಯರ ಜತೆ ರಿಸೆಪ್ಶನ್‌ನ ಸೋಫಾದಲ್ಲಿ ಕೂರಬೇಕಾಗುತ್ತದೆ. ಎರಡು ರೂಮು ತೆಗೆದುಕೊಳ್ಳುವುದಾದರೆ ಒಂದನ್ನು ಮಾತ್ರ ಗುರುವಾರ ರಾತ್ರಿಯಿಂದಲೇ ಬುಕ್ ಮಾಡಿ, 'ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇವೆ' ಎಂದು ಮೊದಲೇ ತಿಳಿಸಿ. ತಿಳಿಸದಿದ್ದರೆ ಗುರುವಾರ ರಾತ್ರಿಯೇ 'ಬರಲಿಲ್ಲ' ಎಂದು ಬುಕಿಂಗ್ ತೆಗೆದುಹಾಕುವುದುಂಟು. ಭಾನುವಾರ ವಾಪಸು ರೈಲು ರಾತ್ರಿ ಒಂಬತ್ತರ ಆಸುಪಾಸು. ಆ ದಿನವೂ ಒಂದು ರೂಮನ್ನು ಸಂಜೆವರೆಗೆ ಅರ್ಧ ಬಾಡಿಗೆಗೆ ಕೇಳಿ. ವಾರಾಂತ್ಯ ಮುಗಿಯುವ ಭಾನುವಾರ ಸಾಮಾನ್ಯವಾಗಿ ಒಪ್ಪುತ್ತಾರೆ.

ರೈಲು ಟಿಕೆಟ್ 60 ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಐವರನ್ನೂ ಒಂದೇ ಟಿಕೆಟಿನಲ್ಲಿ ಹಾಕಿದರೆ ಅತ್ತೆಯವರಿಗೆ ಕೆಳಗಿನ ಬರ್ತ್ ಖಾತ್ರಿಯಿಲ್ಲ. ಹಿರಿಯರ ಕೆಳ ಬರ್ತ್ ಕೋಟಾ ಒಂದು ಟಿಕೆಟಿನಲ್ಲಿ ಗರಿಷ್ಠ ಇಬ್ಬರಿಗೆ ಮಾತ್ರ, ಅದೂ ಇಬ್ಬರಿಗೂ ವಯಸ್ಸಿನ ಅರ್ಹತೆ ಇದ್ದರೆ. ಅವರ ಟಿಕೆಟನ್ನು ಆ ಕೋಟಾದಲ್ಲಿ ಬೇರೆ ಮಾಡಿಸಿ. ಬೋಗಿ ಬೇರೆಯಾಗಬಹುದು, ಆ ಒಂದು ಕಷ್ಟವಿದೆ.

ವಿಠ್ಠಲ ದೇವಸ್ಥಾನವನ್ನು ಶುಕ್ರವಾರ ಇಟ್ಟುಕೊಳ್ಳಬೇಡಿ. ಅಲ್ಲಿನ 40 ರೂಪಾಯಿ ಟಿಕೆಟಿನಲ್ಲೇ ಅದೇ ದಿನ ಕಮಲ ಮಹಲ್ ಇರುವ ರಾಣಿವಾಸ ಮತ್ತು ಕಮಲಾಪುರದ ಮ್ಯೂಸಿಯಂ ನೋಡಬಹುದು. ಶುಕ್ರವಾರ ಮ್ಯೂಸಿಯಂಗೆ ರಜೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹಾಗಾಗಿ ಶನಿವಾರ ಕೌಂಟರ್ ತೆರೆಯುವ ಹೊತ್ತಿಗೆ ವಿಠ್ಠಲದಲ್ಲಿರಿ. ಗೆಜ್ಜಲ ಮಂಟಪದ ಬಳಿ ವಾಹನ ನಿಲ್ಲಿಸಿ ಅಲ್ಲಿಂದ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಹತ್ತೂವರೆ ದಾಟಿದರೆ ಆ ಗಾಡಿಯ ಸಾಲೇ ಮುಕ್ಕಾಲು ಗಂಟೆ ತಿನ್ನುತ್ತದೆ. ನಂತರ ರಾಣಿವಾಸ, ಗಜಶಾಲೆ. ಎರಡೂ ಸಮತಟ್ಟು, ಅತ್ತೆಯವರು ನಿಧಾನವಾಗಿ ನಡೆದು ನೋಡಬಹುದು. ಊಟ, ನಿದ್ದೆ, ನಾಲ್ಕಕ್ಕೆ ಮ್ಯೂಸಿಯಂ. ಹಂಪಿಯ ಇಡೀ ಬಯಲನ್ನು ಮಾದರಿಯಾಗಿ ಕಟ್ಟಿಟ್ಟಿದ್ದಾರೆ. ಮಕ್ಕಳಿಗೆ ಎಲ್ಲಿ ಏನಿದೆ ಎಂಬುದು ಅಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಶುಕ್ರವಾರ ಸಂಜೆಗೆ ವಿರೂಪಾಕ್ಷ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ಸಾಕು. ಹೇಮಕೂಟಕ್ಕೆ ಕಡಲೆಕಾಳು ಗಣಪನ ಕಡೆಯಿಂದ ಹತ್ತಿದರೆ ಏರು ಕಡಿಮೆ. ಭಾನುವಾರ ಬೆಳಗಿನ ಜಾವ ದೊಡ್ಡ ಮಗುವಿನೊಡನೆ ನಿಮ್ಮಲ್ಲೊಬ್ಬರು ಮಾತಂಗ ಬೆಟ್ಟ ಹತ್ತಬಹುದು. ಟಾರ್ಚ್ ಇರಲಿ, ಒಂಟಿಯಾಗಿ ಬೇಡ. ಅಂಜನಾದ್ರಿಗೆ 575 ಮೆಟ್ಟಿಲು. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ಗಂಗಾವತಿ, ಆನೆಗೊಂದಿ ರಸ್ತೆಗಳು ಮಾಲಾಧಾರಿಗಳಿಂದ ತುಂಬಿರುತ್ತವೆ. ದಿನಾಂಕ ನಿಶ್ಚಯಿಸುವ ಮುನ್ನ ಹನುಮದ್‌ವ್ರತ ಯಾವಾಗ ಎಂದು ಪಂಚಾಂಗ ನೋಡಿಬಿಡಿ.

ಪ್ರಶ್ನೆ: ಮ್ಯಾಪಿನಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿದೆ. ಪೂರ್ತಿ ಬಾಡಿಗೆಯನ್ನು ಈಗಲೇ ಯುಪಿಐ ಮಾಡಿ, ಇಲ್ಲದಿದ್ದರೆ ರೂಮು ಹೋಗುತ್ತದೆ ಎನ್ನುತ್ತಿದ್ದಾರೆ. ಕೊಡಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಮ್ಯಾಪಿನಲ್ಲಿ ಕಾಣುವ ನಂಬರನ್ನು ಯಾರು ಬೇಕಾದರೂ ತಿದ್ದುಪಡಿಗೆ ಕಳಿಸಬಹುದು, ವಂಚಕರು ಅದನ್ನೇ ಬಳಸುತ್ತಾರೆ. ಹೋಟೆಲಿನ ಸ್ವಂತ ವೆಬ್‌ಸೈಟಿನಲ್ಲಿ ಅಥವಾ ಬುಕಿಂಗ್ ಆ್ಯಪ್‌ನಲ್ಲಿ ಇರುವ ನಂಬರಿಗೆ ತಾಳೆ ನೋಡಿ. ಒಂದು ರಾತ್ರಿಯ ಬಾಡಿಗೆಯಷ್ಟು ಮುಂಗಡ ಸಾಕು. ಹಣ ಕಳಿಸುವ ಮುನ್ನ ಯುಪಿಐ ಪರದೆ ತೋರಿಸುವ ಹೆಸರು ಹೋಟೆಲಿನದೋ ಮಾಲೀಕರದೋ ಕೇಳಿ. ಸಂಬಂಧವಿಲ್ಲದ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದು ಸುಲಭ ಪರೀಕ್ಷೆ: ವಿಡಿಯೊ ಕಾಲ್‌ನಲ್ಲಿ ಗೇಟಿನ ಬೋರ್ಡಿನಿಂದ ರೂಮಿನವರೆಗೆ ತೋರಿಸಲು ಹೇಳಿ. ನಿಜವಾದ ಹೋಂಸ್ಟೇಯವರು ಎರಡು ನಿಮಿಷದಲ್ಲಿ ತೋರಿಸುತ್ತಾರೆ.

'ರೀಫಂಡ್ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂದರೆ ಅದು ಮೋಸವೇ. ಹಣ ಬರಲು ಪಿನ್ ಬೇಕಾಗುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಆ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಕಡಿಮೆ.

ಪ್ರಶ್ನೆ: ನಮಗೆ ಬಿಡುವು ಸಿಗುವುದು ಮೇನಲ್ಲಿ, ಇಲ್ಲವೇ ಆಗಸ್ಟ್ ಮಧ್ಯದ ಸಾಲು ರಜೆಯಲ್ಲಿ. ಯಾವಾಗ ಹೋಗಲಿ? (ದಾವಣಗೆರೆ)

ಉತ್ತರ: ಆಗಸ್ಟ್. ಬಂಡೆಗಳ ನಡುವೆ ಹಸಿರಿರುತ್ತದೆ, ಬಿಸಿಲು ತಡೆದುಕೊಳ್ಳಬಹುದು. ಆದರೆ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ದೋಣಿ, ತೆಪ್ಪ ಎರಡೂ ನಿಲ್ಲುತ್ತವೆ. ದೋಣಿಯನ್ನು ನೆಚ್ಚಿಕೊಂಡು ಆಚೆ ದಡದಲ್ಲಿ ರೂಮು ಮಾಡಿದವರು ಸಿಕ್ಕಿಬೀಳುವುದು ಈ ತಿಂಗಳಲ್ಲೇ.

ಮೇನಲ್ಲೇ ಹೋಗಬೇಕೆಂದರೆ ಪಾರಾ 40 ಡಿಗ್ರಿ ಮುಟ್ಟುತ್ತದೆ, ಬಂಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ. ಎ.ಸಿ. ಮಾತ್ರವಲ್ಲ, ಕರೆಂಟ್ ಹೋದಾಗ ಎ.ಸಿ.ಗೂ ಜನರೇಟರ್ ಇದೆಯೇ ಕೇಳಿ. ಬಹಳ ಕಡೆ ಫ್ಯಾನ್, ಲೈಟಿಗೆ ಮಾತ್ರ ಇರುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯ ಮೇಲೆ ತಿರುಗಾಟ. ಗುಡಿಯ ಹಾಸುಗಲ್ಲು ಬರಿಗಾಲನ್ನು ಸುಡುತ್ತದೆ, ದಪ್ಪ ಕಾಲುಚೀಲ ಜತೆಗಿರಲಿ. ಸೆಕೆಗೆ ಹೊಳೆಗಾಗಲಿ, ಸಾಣಾಪುರದ ಕೆರೆಗಾಗಲಿ, ಎಡದಂಡೆ ಕಾಲುವೆಗಾಗಲಿ ಇಳಿಯಬೇಡಿ. ಹೊಳೆಯಲ್ಲಿ ಮೊಸಳೆಗಳಿವೆ, ಬಂಡೆಗಳ ನಡುವಿನ ಸುಳಿ ಮೇಲಿಂದ ಕಾಣುವುದಿಲ್ಲ. ನೀರಾಟ ಬೇಕೇ ಬೇಕೆಂದರೆ ಈಜುಕೊಳವಿರುವ ಹೋಟೆಲಿಗೆ ಸ್ವಲ್ಪ ಹೆಚ್ಚು ಕೊಡಿ.