ಜುಲೈನಲ್ಲಿ ಕಬಿನಿ ಸಫಾರಿ ಬುಕ್ ಆಗಿದೆ, ಮಳೆಯಲ್ಲಿ ಪ್ರಾಣಿಗಳ ಫೋಟೋ ತೆಗೆಯೋಕಾಗುತ್ತಾ?

ಕ್ಯಾನ್ಸಲ್ ಮಾಡಬೇಡಿ. ಜುಲೈ ಕೊನೇ ವಾರಕ್ಕೆ ಬುಕ್ ಮಾಡಿದ್ದೀರಿ, ಕೈಯಲ್ಲಿರುವುದು ಸಾಧಾರಣ ಕ್ಯಾಮೆರಾ, ಒಂದು 70-300 ಎಂಎಂ ಜೂಮ್ ಲೆನ್ಸು. ಮಳೆ ಹಿಡಿದರೆ ಬೆಳಕು ಸಾಲದೆ ಫೋಟೋ ಎಲ್ಲ ಅಲುಗಿ ಹೋಗುತ್ತವೆ, ಜೊತೆಗೆ ಕ್ಯಾಮೆರಾನೂ ಹಾಳಾಗುತ್ತದೆ ಅಂತ ಗೆಳೆಯರು ಹೆದರಿಸಿದ್ದಾರೆ ಅಂದಿರಿ. ಕ್ಯಾಮೆರಾ ವಿಷಯದಲ್ಲಿ ಅವರ ಮಾತು ನಿಜ. ಬೆಳಕಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಮೊದಲು ಏನು ಸಿಗುವುದಿಲ್ಲ ಅಂತ ಹೇಳಿಬಿಡುತ್ತೇನೆ. ಹಿನ್ನೀರಿನ ಅಂಚಿನಲ್ಲಿ ಹಿಂಡು ಹಿಂಡು ಆನೆ ಮೇಯುವ ಫೋಟೋಗಳನ್ನು ನೋಡಿರುತ್ತೀರಲ್ಲ, ಅವು ಬೇಸಿಗೆಯವು. ಜಲಾಶಯ ಇಳಿದು, ಬಯಲಾದ ನೆಲದಲ್ಲಿ ಹುಲ್ಲು ಚಿಗುರಿದಾಗ ಆನೆಗಳು ಅಲ್ಲಿಗೆ ಬರುತ್ತವೆ. ವಯನಾಡಿನಲ್ಲಿ ಮಳೆ ಜೋರಾಯಿತೆಂದರೆ ಕಬಿನಿ ಉಕ್ಕಿ ಬಂದು ಆ ಹುಲ್ಲುಗಾವಲು ನೀರಡಿ ಹೋಗುತ್ತದೆ, ಹಿಂಡುಗಳು ಕಾಡೊಳಗೆ ಚದುರುತ್ತವೆ. ಎಲ್ಲಿ ನೋಡಿದರೂ ನೀರೇ ಇರುವುದರಿಂದ ಕೆರೆ ಪಕ್ಕ ಕಾದು ಕೂತರೆ ಹುಲಿ ಬರುತ್ತದೆ ಅನ್ನುವ ಲೆಕ್ಕಾಚಾರವೂ ನಡೆಯುವುದಿಲ್ಲ. ಪೊದೆ ಬೇರೆ ದಟ್ಟವಾಗಿರುತ್ತದೆ. ಹುಲಿಯೇ ಬೇಕು ಅನ್ನುವವರು ಏಪ್ರಿಲ್‌ನಲ್ಲಿ ಹೋಗುವುದು ಒಳ್ಳೆಯದು. ಜಿಂಕೆ, ಕಡವೆ, ಕಾಟಿ (ಕಾಡುಕೋಣ), ಮುಸುವ, ಅದೃಷ್ಟವಿದ್ದರೆ ಸೀಳುನಾಯಿ ಸಾಕು ಅನ್ನುವವರಿಗೆ ಜುಲೈ ಭರ್ತಿ ಕಾಲ. ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢದಂಥ ಕಾಡುಗಳ ಒಳಗಿನ ಕೋರ್ ವಲಯ ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ಬಾಗಿಲು ಹಾಕಿರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮಳೆಗಾಲದಲ್ಲೂ ಸಫಾರಿ ಇರುತ್ತದೆ. ಆದರೂ ಹೊರಡುವ ಮುಂಚೆ ಒಮ್ಮೆ ಫೋನ್ ಮಾಡಿ ಕೇಳಿ: 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಿಂದ ಜನ ಸತ್ತ ಮೇಲೆ ಬಂಡೀಪುರ, ಕಬಿನಿ ಸಫಾರಿ ನಡೆಯುವ ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು.

ಜುಲೈ ಕೊನೆ ಅಂದರೆ ಪುಷ್ಯ ಮಳೆ. ಹಿಡಿದರೆ ಬಿಡದ ಮಳೆ ಅಂತ ಹೆದರಬೇಡಿ. ಕೊಡಗಿನ ಕಡೆಗಿರುವ ಕಾಡಿನಷ್ಟು ಮಳೆ ಪೂರ್ವಕ್ಕಿರುವ, ಕಬಿನಿ ಸಫಾರಿ ಹೊರಡುವ ದಮ್ಮನಕಟ್ಟೆ ಭಾಗಕ್ಕೆ ಬರುವುದಿಲ್ಲ. ಒಂದಷ್ಟು ಹೊತ್ತು ಸುರಿದು, ಬಿಟ್ಟು, ಮತ್ತೆ ಹನಿಯುತ್ತದೆ. ಆ ಬಿಟ್ಟ ಹೊತ್ತಿದೆಯಲ್ಲ, ಅದನ್ನು ಕಳೆದುಕೊಳ್ಳಬೇಡಿ. ಮಳೆ ನಿಂತ ಮೇಲೂ ಮರದಡಿ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಆ ಸದ್ದಿನಲ್ಲಿ ಹುಲಿ ಚಿರತೆಯ ಹೆಜ್ಜೆ ಕೇಳುವುದಿಲ್ಲ, ಅದಕ್ಕೇ ಜಿಂಕೆಗಳು ಬಯಲಿಗೆ, ದಾರಿ ಅಂಚಿಗೆ ಬಂದು ನಿಲ್ಲುತ್ತವೆ ಅಂತ ಸಫಾರಿ ಡ್ರೈವರ್‌ಗಳು ಹೇಳುತ್ತಾರೆ. ನಾನು ನೋಡಿದ್ದೂ ಅದಕ್ಕೆ ಹೊಂದುತ್ತದೆ.

ಈಗ ಬೆಳಕಿಗೆ ಬರೋಣ. ವನ್ಯಜೀವಿ ಫೋಟೋ ಅಂದರೆ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಯಬಾರದು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮಳೆಯಲ್ಲಿ ಆ ಪಾಠ ಮರೆತುಬಿಡಿ. ಜೋರು ಮಳೆಗೆ ಸಿಕ್ಕ ಪ್ರಾಣಿ ಓಡಾಡುವುದಿಲ್ಲ, ತಲೆ ತಗ್ಗಿಸಿ ನಿಂತಲ್ಲೇ ನಿಂತಿರುತ್ತದೆ. ನಿಂತ ಪ್ರಾಣಿಗೆ 1/125 ಧಾರಾಳ. ಇನ್ನೊಂದು ಲಾಭವೂ ಇದೆ. ದಪ್ಪ ಮಳೆಹನಿ ಸೆಕೆಂಡಿಗೆ ಎಂಟೊಂಬತ್ತು ಮೀಟರ್ ವೇಗದಲ್ಲಿ ಬೀಳುತ್ತದೆ. 1/1000ದಲ್ಲಿ ಅದು ಒಂದು ಸೆಂಟಿಮೀಟರೂ ಇಳಿದಿರುವುದಿಲ್ಲ, ಫೋಟೋದಲ್ಲಿ ಸೆನ್ಸರ್ ಮೇಲೆ ಧೂಳು ಕೂತ ಹಾಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. 1/125ಕ್ಕೆ ಇಳಿಸಿದರೆ ಆರೇಳು ಸೆಂಟಿಮೀಟರ್ ಉದ್ದದ ಗೆರೆ. ಆಗ ನೋಡಿದವರಿಗೆ ಮಳೆ ಅಂತ ಗೊತ್ತಾಗುತ್ತದೆ. ಬೆಳಕು ಕಡಿಮೆ ಅಂತ ನೀವು ಶಟರ್ ಇಳಿಸುತ್ತೀರಿ, ಮಳೆ ಕಾಣಬೇಕಾದರೂ ಶಟರ್ ಇಳಿಸಲೇಬೇಕು. ನಿಮ್ಮ ಲೆನ್ಸಿನಲ್ಲಿ 300 ಎಂಎಂಗೆ ಎಫ್ 5.6 (ಲೆನ್ಸಿನ ಬಾಯಿ ತೆರೆಯುವ ಗರಿಷ್ಠ ಅಳತೆ) ಅಂತಿಟ್ಟುಕೊಳ್ಳಿ. ಮೋಡ ಕವಿದ ಕಾಡಿನಲ್ಲಿ 1/125ಕ್ಕೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600, ಹೆಚ್ಚೆಂದರೆ 3200 ಸಾಕಾಗುತ್ತದೆ. ಅದೇ ಬೆಳಕಿನಲ್ಲಿ 1/1000 ಬೇಕು ಅಂತ ಹಟ ಹಿಡಿದರೆ 12800, 25600 ಅಂತ ಏರುತ್ತಾ ಹೋಗುತ್ತದೆ, ಆಮೇಲೆ ಪ್ರಾಣಿಯ ಕೂದಲೆಲ್ಲ ಮರಳು ಮರಳಾಗಿ ಕಾಣುತ್ತದೆ.

1/125ರಲ್ಲಿ ಕೈ ಅಲುಗುವುದಕ್ಕೆ ಲೆನ್ಸಿನ ಸ್ಟೆಬಿಲೈಸೇಶನ್ ಇದೆ. ಜೀಪಿನ ಎಂಜಿನ್ ನಡುಕಕ್ಕೆ ಅದು ಸಾಲದು. "ಅಣ್ಣಾ, ಸ್ವಲ್ಪ ಆಫ್ ಮಾಡ್ತೀರಾ" ಅಂತ ಮೆಲ್ಲಗೆ ಕೇಳಿ, ಬಹಳ ಜನ ಮಾಡುತ್ತಾರೆ. ಪಕ್ಕದವರು ಅತ್ತಿತ್ತ ಹೊರಳಾಡುವುದು ನಿಂತ ಕ್ಷಣ ನೋಡಿ ನಾಲ್ಕೈದು ಫ್ರೇಮ್ ಒಟ್ಟಿಗೆ ಬಿಡಿ, ಒಂದಾದರೂ ನೆಟ್ಟಗಿರುತ್ತದೆ. ಕಡವೆ ಮೈ ಕೊಡವುವುದು, ಸೀಳುನಾಯಿ ಓಡುವುದು ಇಂಥದ್ದಕ್ಕೆ ಮಾತ್ರ ಕಸ್ಟಮ್ ಮೋಡಿನಲ್ಲಿ (ಮೊದಲೇ ಹೊಂದಿಸಿಡುವ ಸೆಟ್ಟಿಂಗ್) 1/800 ಇಟ್ಟುಕೊಂಡಿರಿ.

ಮಳೆ ಗೆರೆ ಕಾಣುವುದು ಹಿನ್ನೆಲೆ ಕಪ್ಪಗಿದ್ದರೆ ಮಾತ್ರ. ಹಿಂದೆ ಆಕಾಶ ಅಥವಾ ಹಿನ್ನೀರು ಇದ್ದರೆ ಎಷ್ಟೇ ಸುರಿದರೂ ಫೋಟೋದಲ್ಲಿ ಮಳೆಯೇ ಇಲ್ಲ. ಅದಕ್ಕೇ ನನಗೆ ಮಳೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಾಣಿ ಕಾಟಿ. ತೇಗದ ಕಾಡು ಹಿಂದಿರುವಂತೆ ಅಡ್ಡಲಾಗಿ ನಿಂತ ಗಂಡು ಕಾಟಿಯ ಬೆನ್ನು ಗಮನಿಸಿ ನೋಡಿ. ನೆನೆದ ಕಪ್ಪು ಮೈಮೇಲೆ ಹನಿ ಬಿದ್ದು ಸಿಡಿದು, ಭುಜದ ಡುಬ್ಬದಿಂದ ಸೊಂಟದವರೆಗೆ ಬೆಳ್ಳಗೆ ತೆಳ್ಳನೆ ಒಂದು ಅಂಚು ಏಳುತ್ತದೆ. ಕೊಂಬಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಮೊಣಕಾಲ ಕೆಳಗಿನ ಬಿಳಿ ಕಾಲು ಕೆಸರಲ್ಲಿ ಅರ್ಧ ಹೂತಿರುತ್ತದೆ. ಇದನ್ನು ಕ್ಯಾಮೆರಾದ ಮೀಟರಿಗೆ ಬಿಟ್ಟರೆ ಕಪ್ಪು ಕಾಟಿಯನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ ಕೆಳಗಿಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ನೆನೆದು ಕಪ್ಪಾದ ಆನೆಗೂ ಇದೇ ಮಾತು. ಅದೇ ಆನೆ ಹಿನ್ನೀರಿನ ಬಿಳಿ ಬೆಳಕಿಗೆ ಎದುರಾಗಿ ನಿಂತರೆ ಉಲ್ಟಾ, ಒಂದು ಸ್ಟಾಪ್ ಏರಿಸಬೇಕು.

ಮುಸುವಗಳನ್ನು "ಕೋತಿ ತಾನೇ" ಅಂತ ದಾಟಿ ಹೋಗಬೇಡಿ. ಮಳೆಗೆ ಒಂದೇ ಕೊಂಬೆಯ ಮೇಲೆ ಒತ್ತಿಕೊಂಡು ಕೂರುತ್ತವೆ, ಬಾಲಗಳು ಸಾಲಾಗಿ ಕೆಳಗೆ ಇಳಿಬಿದ್ದಿರುತ್ತವೆ, ತಾಯಿ ಹೊಟ್ಟೆಯ ಮಡಿಲಲ್ಲಿ ಮರಿಯ ಕಪ್ಪು ಮುಖ ಅಷ್ಟೇ ಹೊರಗೆ. 300 ಎಂಎಂಗೆ ಆರಾಮಾಗಿ ಸಿಗುವ ಫೋಟೋ ಇದು. ಹುಲಿ ಹುಡುಕುವ ಧಾವಂತದಲ್ಲಿ ಜೀಪು ಮುಂದೆ ಹೋಗಿಬಿಡುತ್ತದೆ, ನೀವೇ ನಿಲ್ಲಿಸಲು ಹೇಳಬೇಕು.

ಆಟೋಫೋಕಸ್ ಮಳೆಯಲ್ಲಿ ತಡಕಾಡುತ್ತದೆ, ಕೆಲವೊಮ್ಮೆ ಮುಂದಿರುವ ಹನಿಗೋ ಹುಲ್ಲಿಗೋ ಹೋಗಿ ಅಂಟಿಕೊಳ್ಳುತ್ತದೆ. ಒಂದೇ ಪಾಯಿಂಟ್ ಇಟ್ಟು ಕಣ್ಣಿನ ಮೇಲೆ ಫೋಕಸ್ ಮಾಡಿ, ಆಮೇಲೆ ಲಾಕ್ ಮಾಡಿಬಿಡಿ. ಪ್ರಾಣಿ ಎಲ್ಲಿಗೂ ಹೋಗುವುದಿಲ್ಲ.

ಕ್ಯಾಮೆರಾ ಕಾಪಾಡುವುದಕ್ಕೆ ದುಬಾರಿ ರೈನ್‌ಕವರ್ ಬೇಕಾಗಿಲ್ಲ. ದಪ್ಪನೆಯ ಪ್ಲಾಸ್ಟಿಕ್ ಕವರ್‌ಗೆ ತೂತು ಮಾಡಿ, ಲೆನ್ಸ್ ಹುಡ್ (ಲೆನ್ಸಿನ ಬಾಯಿಗೆ ಹಾಕುವ ಮರೆ) ಸುತ್ತ ರಬ್ಬರ್ ಬ್ಯಾಂಡ್ ಹಾಕಿದರೆ ಕೆಲಸ ನಡೆಯುತ್ತದೆ. ಕವರ್ ಚೂರನ್ನೂ ಕಾಡಲ್ಲಿ ಬೀಳಿಸಬೇಡಿ. ಹುಡ್ ಇಲ್ಲದೆ ಮಾತ್ರ ಹೋಗಲೇಬೇಡಿ. ಮೇಲೆ ಹೊದಿಕೆ ಇರುವ ಜೀಪಾದರೂ ಪಕ್ಕದಿಂದ ಇರಚಲು ಹೊಡೆದೇ ಹೊಡೆಯುತ್ತದೆ, ಫೋಟೋ ತೆಗೆಯದ ಹೊತ್ತು ಲೆನ್ಸ್ ನೆಲ ನೋಡುತ್ತಿರಲಿ. ನಿಮ್ಮ 70-300 ಜೂಮ್ ಮಾಡಿದಾಗ ಮುಂದಕ್ಕೆ ಚಾಚುವಂಥದ್ದಾದರೆ, ಅದನ್ನು ಒಳಗೆಳೆದಾಗ ಕೊಳವೆ ಮೇಲಿನ ನೀರೂ ಒಳಗೆ ಹೋಗುತ್ತದೆ. ಮಳೆ ಇರುವಷ್ಟು ಹೊತ್ತು 300ರಲ್ಲೇ ಬಿಟ್ಟಿರಿ, ಒರೆಸಿಯೇ ಹಿಂದಕ್ಕೆ ತನ್ನಿ. ಒರೆಸಲು ಒಂದು ಹಳೇ ಹತ್ತಿ ಟವೆಲ್, ಗಾಜಿಗೆ ಬೇರೆ ಮೈಕ್ರೋಫೈಬರ್ ಬಟ್ಟೆ, ಎರಡೂ ಅಂಗಿಯ ಒಳಗೆ ಒಣಗಿರಲಿ. ಅರಣ್ಯ ಇಲಾಖೆ ಬಸ್ಸಿನಲ್ಲಿ ಹೋಗುವುದಾದರೆ ಕಿಟಕಿ ಸೀಟಿಗೆ ಜಗಳವಾಡಿದರೂ ತಪ್ಪಿಲ್ಲ. ಇಳಿಯುವಂತಿಲ್ಲವಾದ್ದರಿಂದ ಜಿಗಣೆ ಚಿಂತೆ ಬೇಡ.

ಬಣ್ಣದ ರೇನ್‌ಕೋಟ್ ಹಾಕಬೇಡಿ, ಅದಕ್ಕಿಂತ ಮುಖ್ಯವಾಗಿ ಪರಪರ ಸದ್ದು ಮಾಡುವ ತೆಳು ಪ್ಲಾಸ್ಟಿಕ್ಕಿನದು ಬೇಡವೇ ಬೇಡ.

ರೂಮಿಗೆ ಬಂದ ಮೇಲೆ ಎಸಿ ಹಾಕಬೇಡಿ. ತಣ್ಣಗಾದ ಲೆನ್ಸನ್ನು ಬೆಳಗ್ಗೆ ತೇವದ ಗಾಳಿಗೆ ತಂದರೆ ಗಾಜು ಮಂಜು ಹಿಡಿದು ಸಫಾರಿಯ ಒಳ್ಳೇ ಹೊತ್ತು ಒರೆಸುವುದರಲ್ಲೇ ಹೋಗುತ್ತದೆ. ಬ್ಯಾಟರಿ, ಕಾರ್ಡ್ ತೆಗೆದು ಫ್ಯಾನ್ ಕೆಳಗೆ ಇಡಿ. ಅಕ್ಕಿ ಡಬ್ಬಿ, ಹೇರ್ ಡ್ರೈಯರ್ ಎರಡೂ ಬೇಡ: ಅಕ್ಕಿಯ ಧೂಳು ಒಳಗೆ ಸೇರುತ್ತದೆ, ಬಿಸಿಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ. ಊರಿಗೆ ಹೋದ ಮೇಲೆ ಒದ್ದೆ ಬ್ಯಾಗಿನಲ್ಲೇ ಬಿಡದೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ. ಲೆನ್ಸಿಗೆ ಫಂಗಸ್ ಹಿಡಿಯುವುದು ಮಳೆಯಲ್ಲಿ ತೊಯ್ದಾಗ ಅಲ್ಲ, ಹೀಗೆ ಮರೆತು ಇಟ್ಟಾಗ.

ಫೋಟೋ ರಾ (RAW) ಫೈಲ್‌ನಲ್ಲೇ ತೆಗೆಯಿರಿ, ಆಮೇಲೆ ಬಣ್ಣ ತಿದ್ದಲು ಅನುಕೂಲ. ಹಸಿರು ಎಲೆಗಳ ಕೆಳಗೆ ಎಲ್ಲದಕ್ಕೂ ಹಸಿರು ಛಾಯೆ ಬರುತ್ತದೆ, ಜಿಂಕೆಯ ಬಿಳಿ ಚುಕ್ಕೆ ನೋಡಿಕೊಂಡು ಅದನ್ನು ಸರಿಪಡಿಸಬಹುದು. ಎಡಿಟ್ ಮಾಡುವಾಗ ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಮಾತ್ರ ಎಳೆಯಬೇಡಿ, ಮಳೆಯ ಮಬ್ಬು ಹೋಗಿ ಫೋಟೋ ಡಿಸೆಂಬರಿನದಾಗುತ್ತದೆ.